ಪದದಾಟದ ಹಲಗೆಯ ಮೇಲೆ ನಮ್ಮ ಅಂಗಡಿಯ ಮಾತು

ಬೇಸಿಗೆ ರಜೆ ಬಂತೆಂದರೆ ಮಕ್ಕಳನ್ನು ಬಿಸಿಲಿಗೆ ಬಿಡದೆ ಮನೆಯೊಳಗೆ ಹಿಡಿದಿಡುವುದು ತಾಯಂದಿರಿಗೆ ದೊಡ್ಡ ಕೆಲಸ. ನಂದವರಂ, ಎಮ್ಮಿಗನೂರು, ಆದವಾನಿ ಕಡೆಯ ಬಿಸಿಲು ಎಂಥದೆಂಬುದನ್ನು ಅಲ್ಲಿಯ ಓದುಗರಿಗೆ ನಾವು ಬೇರೆ ಹೇಳಬೇಕಾಗಿಲ್ಲ. ಕೇರಂ, ಚೌಕಾಬಾರ, ಹಾವು-ಏಣಿಗಳ ಜೊತೆಗೆ ಕೆಲವು ಮನೆಗಳಿಗೆ ಇಂಗ್ಲಿಷ್ ಪದ ಜೋಡಿಸುವ ಆಟವೂ ಬಂದಿದೆ. ಅದರ ಹೆಸರು ಸ್ಕ್ರ್ಯಾಬಲ್. ಮಕ್ಕಳು ಹಲಗೆಯ ಸುತ್ತ ಕೂರುತ್ತಾರೆ. ಹಿರಿಯರು ಮಾತ್ರ "ಅದು ಓದಿದವರ ಆಟ, ನಮಗೇನು ತಿಳಿದೀತು" ಎಂದು ದೂರ ಸರಿಯುತ್ತಾರೆ.

ಈ ಲೇಖನ ಇಬ್ಬರಿಗೂ ಸೇರಿದ್ದು. ಗೆಲುವು ತಂದುಕೊಡುವ ಕೆಲವು ಅಪರೂಪದ ಇಂಗ್ಲಿಷ್ ಪದಗಳನ್ನೂ ಅವುಗಳ ಅರ್ಥವನ್ನೂ ಮಕ್ಕಳಿಗೆ ಕೊಡುವುದು ಒಂದು ಉದ್ದೇಶ. ಆ ಪದಗಳಲ್ಲಿ ಎಷ್ಟೋ ನಮ್ಮ ಗಲ್ಲಾಪೆಟ್ಟಿಗೆ, ತಕ್ಕಡಿ, ಗೋದಾಮುಗಳಿಂದಲೇ ಇಂಗ್ಲಿಷಿಗೆ ಹೋದವು ಎಂದು ಹಿರಿಯರಿಗೆ ತಿಳಿಸುವುದು ಇನ್ನೊಂದು. ಆ ಪದಗಳ ನಿಜವಾದ ಅರ್ಥ ನಿಘಂಟಿಗಿಂತ ಹೆಚ್ಚಾಗಿ ಅವರ ನೆನಪಿನಲ್ಲಿದೆ.

ಆಟ ಹುಟ್ಟಿದ ಬಗೆ

ಅಮೆರಿಕದ ಆಲ್‌ಫ್ರೆಡ್ ಬಟ್ಸ್ ಎಂಬವರು ಕಟ್ಟಡಗಳ ನಕ್ಷೆ ಮಾಡುವ ವೃತ್ತಿಯವರು. 1930ರ ದಶಕದ ಆರಂಭದ ಆರ್ಥಿಕ ಕುಸಿತದಲ್ಲಿ ಅವರ ಕೆಲಸ ಹೋಯಿತು. ಬಿಡುವಿನ ಕಾಲದಲ್ಲಿ ಅವರು ಪತ್ರಿಕೆಗಳ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ, ಹೆಚ್ಚಾಗಿ ಬರುವ ಅಕ್ಷರಕ್ಕೆ ಕಡಿಮೆ ಅಂಕ, ಅಪರೂಪದ ಅಕ್ಷರಕ್ಕೆ ಹೆಚ್ಚು ಅಂಕ ಎಂದು ಲೆಕ್ಕ ಕಟ್ಟಿದರು. ಸರಕು ವಿರಳವಾದರೆ ಧಾರಣೆ ಏರುತ್ತದೆ ಎಂಬ ಮಾರುಕಟ್ಟೆಯ ನಿಯಮವೇ ಇಲ್ಲಿಯೂ ನಡೆಯುತ್ತದೆ. 1948ರಲ್ಲಿ ಜೇಮ್ಸ್ ಬ್ರೂನೊ ಎಂಬವರು ಆಟದ ಹಕ್ಕು ಪಡೆದು ಅದಕ್ಕೆ ಈಗಿನ ಹೆಸರಿಟ್ಟರು. 1949ರಲ್ಲಿ 2,400 ಪೆಟ್ಟಿಗೆ ತಯಾರಿಸಿ 450 ಡಾಲರ್ ನಷ್ಟ ಮಾಡಿಕೊಂಡರು. ಆದರೂ ಅಂಗಡಿ ಮುಚ್ಚಲಿಲ್ಲ. 1952ರ ಹೊತ್ತಿಗೆ ಬೇಡಿಕೆ ಪೂರೈಸಲಾಗದಷ್ಟು ಏರಿತು. ವ್ಯಾಪಾರ ಮಾಡುವ ಮನೆಯವರಿಗೆ ಇದರಲ್ಲಿ ಒಂದು ಪಾಠವಿದೆ.

ಹಲಗೆಯಲ್ಲಿ 225 ಮನೆಗಳು, ಒಟ್ಟು 100 ಬಿಲ್ಲೆಗಳು. ಅವುಗಳಲ್ಲಿ 98 ಅಕ್ಷರದವು, ಎರಡು ಖಾಲಿ. ಇ ಅಕ್ಷರದ ಬಿಲ್ಲೆ 12 ಇವೆ, ಒಂದಕ್ಕೆ ಒಂದೇ ಅಂಕ. ಕ್ಯೂ ಮತ್ತು ಝಡ್ ಒಂದೊಂದೇ ಇವೆ, ತಲಾ 10 ಅಂಕ. ಜೆ ಮತ್ತು ಎಕ್ಸ್ ಅಕ್ಷರಗಳಿಗೆ ತಲಾ 8. ಆಟಗಾರನ ಕೈಯಲ್ಲಿ ಏಳು ಬಿಲ್ಲೆ ಇರುತ್ತವೆ. ಏಳನ್ನೂ ಒಂದೇ ಸಲ ಇಳಿಸಿದರೆ 50 ಅಂಕ ಹೆಚ್ಚಿಗೆ. ಊರಿನ ಹೆಸರು, ಮನುಷ್ಯರ ಹೆಸರು ನಡೆಯುವುದಿಲ್ಲ.

ಕಷ್ಟದ ಅಕ್ಷರ ಬಂದಾಗ

ಕ್ಯೂ ಬಂದರೆ ಮಕ್ಕಳ ಮುಖ ಬಾಡುತ್ತದೆ. ಅದರ ಹಿಂದೆಯೇ ಯು ಬೇಕೆಂದು ಶಾಲೆಯಲ್ಲಿ ಕಲಿತಿರುತ್ತಾರೆ. ಯು ಇಲ್ಲದೆಯೂ ನಡೆಯುವ ಪದಗಳಿವೆ. ಕ್ಯೂ-ಐ ಎಂಬ ಎರಡೇ ಅಕ್ಷರದ ಪದವನ್ನು ಚೀ ಎಂದು ಉಚ್ಚರಿಸುತ್ತಾರೆ; ದೇಹದಲ್ಲಿ ಹರಿಯುವ ಪ್ರಾಣಶಕ್ತಿ ಎಂದು ಚೀನೀಯರು ಹೇಳುವುದು ಅದನ್ನೇ. ಇದಕ್ಕೆ 11 ಅಂಕ. ಕ್ಯೂ-ಎ-ಟಿ ಎಂದರೆ ಅರಬ್ ನಾಡಿನಲ್ಲೂ ಪೂರ್ವ ಆಫ್ರಿಕದಲ್ಲೂ ಜನರು ಅಗಿಯುವ, ಮತ್ತು ತರುವ ಒಂದು ಎಲೆ. ಕ್ಯೂ-ಎ-ಡಿ-ಐ ಎಂಬುದು ನಮ್ಮ ಪೇಟೆಯವರೆಲ್ಲ ಬಲ್ಲ ಖಾಜಿ. ಎಫ್-ಎ-ಕ್ಯೂ-ಐ-ಆರ್ ಎಂದರೆ ಫಕೀರ. ಅವನಿಗೆ 17 ಅಂಕ.

ಝಡ್ ಬಂದಾಗ ಝಡ್-ಓ ನೆನಪಿರಲಿ. ಹಿಮಾಲಯದ ಕಡೆ ಯಾಕ್ ಮತ್ತು ಹಸುವಿನ ಮಿಶ್ರತಳಿಗೆ ಆ ಹೆಸರು. ಅದೇ ಪ್ರಾಣಿಯನ್ನು ಡಿ-ಝಡ್-ಓ ಎಂದೂ ಝಡ್-ಎಚ್-ಓ ಎಂದೂ ಬರೆಯಬಹುದಾದ್ದರಿಂದ ಕೈಯಲ್ಲಿರುವ ಬಿಲ್ಲೆಗೆ ತಕ್ಕಂತೆ ಇಳಿಸಬಹುದು. ಝಡ್-ಎ-ಎಕ್ಸ್ ಎಂದರೆ ಮಾಳಿಗೆಗೆ ಹೊದಿಸುವ ಕಲ್ಲಿನ ಬಿಲ್ಲೆಗಳನ್ನು ಕತ್ತರಿಸುವ ಸಲಕರಣೆ. ಮೂರೇ ಅಕ್ಷರಕ್ಕೆ 19 ಅಂಕ. ಎಕ್ಸ್-ಯು ಎಂಬುದು ವಿಯೆಟ್ನಾಮಿನಲ್ಲಿ ಹಿಂದೆ ಇದ್ದ ಚಿಲ್ಲರೆ ನಾಣ್ಯ, ನೂರು ಸೇರಿದರೆ ಒಂದು ಡಾಂಗ್ ಆಗುತ್ತಿತ್ತು.

ಕೈಯಲ್ಲಿ ಬರೀ ಸ್ವರಗಳೇ ತುಂಬಿಕೊಂಡಾಗ ಎ-ಎ ಮತ್ತು ಎ-ಐ ಕೈಹಿಡಿಯುತ್ತವೆ. ಮೊದಲನೆಯದು ಹವಾಯಿ ದ್ವೀಪಗಳಲ್ಲಿ ಜ್ವಾಲಾಮುಖಿ ಉಗುಳಿದ ಒರಟು ಲಾವಾ ಕಲ್ಲು. ಎರಡನೆಯದು ದಕ್ಷಿಣ ಅಮೆರಿಕದ ಮರಗಳಲ್ಲಿ ಜೋತು ಬಿದ್ದಿರುವ, ಮೂರು ಬೆರಳಿನ, ಬಲು ನಿಧಾನದ ಪ್ರಾಣಿ. ಸ್ವರವೇ ಇಲ್ಲದಾಗ ಸಿ-ಡಬ್ಲ್ಯು-ಎಂ ಇದೆ. ವೇಲ್ಸ್ ನಾಡಿನವರು ಬೆಟ್ಟದ ನಡುವಿನ ಕಣಿವೆಗೆ ಹೇಳುವ ಮಾತು ಅದು, ಉಚ್ಚಾರ ಕೂಮ್.

ಹವಾಯಿ, ಚೀನ, ವೇಲ್ಸ್, ಹಿಮಾಲಯ ಎಂದು ಎಲ್ಲೆಲ್ಲಿಯ ಮಾತು ಬಂದಿವೆ ನೋಡಿ. ಇಂಗ್ಲಿಷರು ಹೋದ ರೇವಿನಲ್ಲೆಲ್ಲ ಸರಕಿನ ಜೊತೆಗೆ ಮಾತನ್ನೂ ಹಡಗಿಗೆ ಹೇರಿಕೊಂಡರು. ಉತ್ತರ ಅಮೆರಿಕದ ಹೊರಗೆ ಈ ಆಟಕ್ಕೆ ಬಳಸುವ ಪದಪಟ್ಟಿಯಲ್ಲಿ ಸುಮಾರು 2,80,000 ಪದರೂಪಗಳಿವೆ. ಆ ರಾಶಿಯಲ್ಲಿ ನಮ್ಮ ಪಾಲೂ ಇದೆ.

ಕೋಟಿಗೆ ಏಳು, ಲಕ್ಷಕ್ಕೆ ಹನ್ನೊಂದು

ಆದವಾನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಅಲ್ಲಿಯ ವ್ಯಾಪಾರಿ ಮನೆಗಳಲ್ಲಿ ಇಂದಿಗೂ ಒಂದೇ ದಿನದಲ್ಲಿ ಮೂರು ನಾಲ್ಕು ಭಾಷೆ ಓಡಾಡುತ್ತವೆ. ಮನೆಯಲ್ಲಿ ಕನ್ನಡ ಅಥವಾ ಮಾರವಾಡಿ, ಬೀದಿಯಲ್ಲಿ ತೆಲುಗು, ಮಂಡಿಯಲ್ಲಿ ಹಿಂದಿ-ಉರ್ದು, ಮಕ್ಕಳ ಪುಸ್ತಕದಲ್ಲಿ ಇಂಗ್ಲಿಷ್. ಈ ನಾಲ್ಕರಲ್ಲಿ ಕೊನೆಯದೇ ದೊಡ್ಡದು, ಅಂಗಡಿಯ ಮಾತು ಚಿಕ್ಕದು ಎಂದು ಮಕ್ಕಳು ತಿಳಿದರೆ ತಪ್ಪು ಅವರದಲ್ಲ. ತಿಳಿಸಿ ಹೇಳಿದವರಿಲ್ಲ, ಅಷ್ಟೆ.

ನಮ್ಮ ಲಕ್ಷವನ್ನು ಎಲ್-ಎ-ಕೆ-ಎಚ್ ಎಂದು ಬರೆದರೆ ನಡೆಯುತ್ತದೆ. ಕೆ ಮತ್ತು ಎಚ್ ಬೆಲೆಯ ಅಕ್ಷರಗಳಾದ್ದರಿಂದ 11 ಅಂಕ. ಕೋಟಿಯನ್ನು ಸಿ-ಆರ್-ಓ-ಆರ್-ಇ ಎಂದು ಬರೆಯಬೇಕು. ಅಕ್ಷರ ಐದಾದರೂ ಅಂಕ ಏಳೇ. ಲಕ್ಷಾಧೀಶನು ಕೋಟ್ಯಧೀಶನನ್ನು ಹಿಂದೆ ಹಾಕುವುದು ಈ ಹಲಗೆಯ ಮೇಲೆ ಮಾತ್ರ!

ಆಣೆಯೂ ಇದೆ: ಎ-ಎನ್-ಎನ್-ಎ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬರುವವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಂದರೆ ರೂಪಾಯಿಗೆ 192 ಪೈ. ಪಿ-ಐ-ಇ ಎಂದು ಇಳಿಸಿದ ಹುಡುಗನಿಗೆ ಅದು ಇಂಗ್ಲಿಷರ ಹಣ್ಣಿನ ಕಡುಬು ಮಾತ್ರ. ಅದೇ ಅಕ್ಷರಗಳಲ್ಲಿ ತಾತನ ಕಾಲದ ನಾಣ್ಯವೊಂದು ಕೂತಿದೆಯೆಂದು ಅವನಿಗೆ ಗೊತ್ತಿರುವುದಿಲ್ಲ. ಹದಿನಾರಾಣೆ ಸತ್ಯ ಎಂಬ ಮಾತು ನಮ್ಮ ಬಾಯಲ್ಲಿ ಉಳಿದಿದೆ, ಏಕೆ ಹದಿನಾರು ಎಂಬುದನ್ನು ಮಾತ್ರ ಮಕ್ಕಳು ಕೇಳಿ ತಿಳಿಯಬೇಕಾಗಿದೆ.

ಸಿ-ಎ-ಎಸ್-ಎಚ್ ಇನ್ನೂ ಸೊಗಸು. ರೊಕ್ಕ ಎಂಬ ಅರ್ಥದ ಕ್ಯಾಶ್ ಯುರೋಪಿನ ಮಾತು, ಹಣದ ಪೆಟ್ಟಿಗೆಯ ಹೆಸರಿನಿಂದ ಬಂದದ್ದು. ಆದರೆ ಇಂಗ್ಲಿಷ್ ನಿಘಂಟುಗಳಲ್ಲಿ ಅದೇ ಅಕ್ಷರಗಳ ಇನ್ನೊಂದು ಪದವಿದೆ. ಪೂರ್ವ ದೇಶಗಳ ಸಣ್ಣ ನಾಣ್ಯ ಎಂಬುದು ಅದರ ಅರ್ಥ. ಅದರ ಮೂಲ ತಮಿಳಿನ ಕಾಸು, ಪೋರ್ಚುಗೀಸರ ಬಾಯಲ್ಲಿ ತಿರುಗಿ ಇಂಗ್ಲಿಷಿಗೆ ಸೇರಿದ್ದು. ಕಾಸಿಗೆ ತಕ್ಕ ಕಜ್ಜಾಯ ಎನ್ನುವಾಗ ನಾವು ಬಳಸುವ ಕಾಸೂ ಅದೇ.

ಎಸ್-ಎಚ್-ಆರ್-ಓ-ಎಫ್-ಎಫ್ ಎಂದರೆ ಶರಾಫ. ಅರಬ್ಬೀ ಮೂಲದ ಮಾತು. ನಾಣ್ಯ ಬದಲಿಸಿಕೊಡುವವನು, ಖೋಟಾ ನಾಣ್ಯವನ್ನು ಕಣ್ಣಿನಿಂದಲೇ ಗುರುತಿಸುವವನು. ಇಂಗ್ಲಿಷಿನಲ್ಲಿ ಇದು ಕ್ರಿಯಾಪದವೂ ಹೌದು. ನಾಣ್ಯ ಪರೀಕ್ಷಿಸು ಎಂದು ಅರ್ಥ. ಆದ್ದರಿಂದ ಕೊನೆಗೆ ಇ-ಡಿ, ಐ-ಎನ್-ಜಿ ಸೇರಿಸಿಯೂ ಅಂಕ ಗಳಿಸಬಹುದು. ಬರೀ ಶರಾಫನಿಗೇ 15 ಅಂಕ.

ಬಿ-ಎ-ಟಿ-ಟಿ-ಎ ಎಂಬ ಪದವನ್ನೂ ಬರೆದಿಟ್ಟುಕೊಳ್ಳಿ. ಕಂಪನಿ ಸರ್ಕಾರದ ಸಿಪಾಯಿಗಳಿಗೆ ಸಂಬಳದ ಮೇಲೆ ಕೊಡುತ್ತಿದ್ದ ಭತ್ಯೆಗೆ ಈ ಹೆಸರು. ಭಾರತದಿಂದ ಇಂಗ್ಲಿಷಿಗೆ ಹೋದ ಮಾತುಗಳನ್ನು ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು ಕೂಡಿಸಿ 1886ರಲ್ಲಿ ಪ್ರಕಟಿಸಿದ ಹಾಬ್ಸನ್-ಜಾಬ್ಸನ್ ಎಂಬ ಕೋಶವಿದೆ. ಈ ಪದದ ಮೂಲ ಕನ್ನಡದ ಭತ್ತವೇ ಇರಬೇಕೆಂದು ಅವರು ಊಹಿಸಿದ್ದಾರೆ. ಅನ್ನಕ್ಕೆಂದು ಕೊಟ್ಟದ್ದು ಭತ್ಯೆ ಎಂದರೆ ನಮ್ಮ ಕಿವಿಗೂ ಸರಿಯೆನಿಸುತ್ತದೆ.

ತಕ್ಕಡಿಯಿಂದ ಗೋದಾಮಿಗೆ

ಎಸ್-ಇ-ಇ-ಆರ್ ಸೇರು, ಟಿ-ಓ-ಎಲ್-ಎ ತೊಲ, ಎಂ-ಎ-ಯು-ಎನ್-ಡಿ ಮಣ. 80 ತೊಲಕ್ಕೆ ಒಂದು ಸೇರು, 40 ಸೇರಿಗೆ ಒಂದು ಮಣ ಎಂಬುದು ಸರ್ಕಾರಿ ಲೆಕ್ಕ. ಆ ಮಣ ಇಂದಿನ 37 ಕಿಲೋ ಚಿಲ್ಲರೆ. ಮದ್ರಾಸ್ ಪ್ರಾಂತದ ಮಣ ಮಾತ್ರ 25 ಪೌಂಡ್, ಅಂದರೆ 11 ಕಿಲೋಗಿಂತ ಸ್ವಲ್ಪ ಹೆಚ್ಚು. ಒಂದೇ ಹೆಸರು, ತೂಕ ಬೇರೆ. ಈ ವ್ಯತ್ಯಾಸವನ್ನು ತಿಳಿಯದವನು ಆಗಿನ ಕಾಲದಲ್ಲಿ ವ್ಯಾಪಾರ ಮಾಡುವಂತಿರಲಿಲ್ಲ. 1956ರ ಕಾಯಿದೆ ಬಂದು ಕಿಲೋ ಲೆಕ್ಕ ಜಾರಿಗೆ ಬಂದ ಮೇಲೆ ಇವೆಲ್ಲ ಬಾಯಿಮಾತಿಗೆ ಸರಿದವು.

ಸಿ-ಎ-ಎನ್-ಡಿ-ವೈ ಎಂದರೆ ಮಕ್ಕಳಿಗೆ ಸಿಹಿ ಮಿಠಾಯಿ. ಆದವಾನಿಯ ಹತ್ತಿ ವ್ಯಾಪಾರಿಗೆ ಅದು ಬೇರೆ. ಅದು ನಮ್ಮ ಖಂಡಿ. ಹತ್ತಿಯ ಒಂದು ಕ್ಯಾಂಡಿ ಎಂದರೆ 784 ಪೌಂಡ್, ಸುಮಾರು 356 ಕಿಲೋ. ಅರಳೆಯ ಧಾರಣೆಯನ್ನು ಇಂದಿಗೂ ಆ ಲೆಕ್ಕದಲ್ಲಿ ಹೇಳುತ್ತಾರೆ. ಮಿಠಾಯಿಯ ಕ್ಯಾಂಡಿಯೂ ನಮ್ಮದೇ ಮಾತು. ಸಂಸ್ಕೃತದ ಖಂಡ, ಅಂದರೆ ಕಲ್ಲುಸಕ್ಕರೆಯ ತುಂಡು, ಪರ್ಷಿಯಾ, ಅರಬ್ ನಾಡುಗಳನ್ನು ಸುತ್ತಿ ಯುರೋಪಿಗೆ ಹೋಯಿತು.

ಜಿ-ಓ-ಡಿ-ಓ-ಡಬ್ಲ್ಯು-ಎನ್ ಪದವನ್ನು ನೋಡಿ, ಕೆಳಗೆ ಇಳಿದು ಹೋಗುವ ಜಾಗ ಎಂದು ಮಕ್ಕಳು ಇಂಗ್ಲಿಷ್ ಅರ್ಥ ಬಿಡಿಸುತ್ತಾರೆ. ಆ ಮಾತು ಇಂಗ್ಲಿಷಿಗೆ ಮಲಯ ಭಾಷೆಯ ಗುದಾಂಗ್ ಎಂಬುದರಿಂದ ಬಂತು. ಮಲಯದವರಿಗೆ ಅದು ನಮ್ಮ ಪೂರ್ವ ಕರಾವಳಿಯ ವರ್ತಕರಿಂದ ಹೋಗಿರಬೇಕು, ತೆಲುಗಿನ ಗಿಡ್ಡಂಗಿ, ತಮಿಳಿನ ಕಿಡಂಗು ಅದರ ಮೂಲ ಎಂದು ಪದಗಳ ಚರಿತ್ರೆ ಬಲ್ಲವರು ಹೇಳುತ್ತಾರೆ. ಗಿಡ್ಡಂಗಿ ಎಂಬ ಮಾತನ್ನು ಕರ್ನೂಲು ಜಿಲ್ಲೆಯ ನಮ್ಮ ಬಂಧುಗಳು ದಿನವೂ ಕೇಳುತ್ತಾರೆ.

ಗೋದಾಮಿನೊಳಗೆ ಏನೇನಿದೆ? ಜಿ-ಯು-ಎನ್-ಎನ್-ವೈ, ಅದು ಗೋಣಿ. ಸಿ-ಓ-ಪಿ-ಆರ್-ಎ, ಅದು ಕೊಬ್ಬರಿ. ಮಲಯಾಳದ ಕರಾವಳಿಯಿಂದ ಪೋರ್ಚುಗೀಸರು ಒಯ್ದ ಮಾತು. ಜೆ-ಎ-ಜಿ-ಜಿ-ಇ-ಆರ್-ವೈ, ಅದು ಬೆಲ್ಲ. ಸಂಸ್ಕೃತದ ಶರ್ಕರೆ ಪಶ್ಚಿಮ ಕರಾವಳಿಯಲ್ಲಿ ಪೋರ್ಚುಗೀಸರ ನಾಲಿಗೆಯಲ್ಲಿ ಹೀಗೆ ತಿರುಗಿತು; ಅದೇ ಶರ್ಕರೆ ಅರಬರ ಮೂಲಕ ಹೋಗಿ ಶುಗರ್ ಆಯಿತು. ಬೆಲ್ಲ, ಸಕ್ಕರೆ ಎರಡೂ ಇಂಗ್ಲಿಷಿನಲ್ಲಿ ಒಂದೇ ತಾಯಿಯ ಮಕ್ಕಳು. ಬೆಲ್ಲಕ್ಕೆ ಸರಿಯಾಗಿ ಏಳು ಅಕ್ಷರ. ಒಂದೇ ಕೈಯಲ್ಲಿ ಇಳಿಸಿದವನಿಗೆ ಪದಕ್ಕೆ 19, ಮೇಲೆ 50, ಒಟ್ಟು 69; ಬಣ್ಣದ ಮನೆಗಳ ಲಾಭ ಬೇರೆ.

ಗೋಣಿಯನ್ನು ಕಡಿಯುವ ಹೆಗ್ಗಣವನ್ನೂ ಇಂಗ್ಲಿಷರು ಬಿಡಲಿಲ್ಲ. ಬ್ಯಾಂಡಿಕೂಟ್ ಎಂಬ ಒಂಬತ್ತು ಅಕ್ಷರದ ಪದ ತೆಲುಗಿನ ಪಂದಿಕೊಕ್ಕು, ಅಂದರೆ ಹಂದಿ-ಇಲಿ. ಮುಂದೆ ಆಸ್ಟ್ರೇಲಿಯದಲ್ಲಿ ಹೊಟ್ಟೆಚೀಲವಿರುವ ಬೇರೊಂದು ಪ್ರಾಣಿಗೂ ಅವರು ಅದೇ ಹೆಸರಿಟ್ಟರು. ನಮ್ಮ ಗೋದಾಮಿನ ಹೆಗ್ಗಣದ ಹೆಸರು ಸಮುದ್ರ ದಾಟಿ ಅಷ್ಟು ದೂರ ಹೋಗಿದೆ.

ಬಟ್ಟೆ ಅಂಗಡಿಯವರಿಗೆ

ಎಮ್ಮಿಗನೂರಿನ ಮಗ್ಗಗಳ ನಡುವೆ ಬೆಳೆದವರಿಗೆ ಈ ಪದಗಳು ಮೆಚ್ಚಿಗೆಯಾದಾವು. ನೈನ್‌ಸೂಕ್ ಎಂಬುದು ನಯವಾದ ಹತ್ತಿ ಬಟ್ಟೆ. ಅದು ಹಿಂದಿಯ ನೈನ್-ಸುಖ್, ಕಣ್ಣಿಗೆ ಸುಖ ಕೊಡುವುದು. ಎನ್-ಎ-ಐ-ಎನ್-ಎಸ್-ಓ-ಓ-ಕೆ ಎಂದು ಎಂಟು ಅಕ್ಷರ. ಸೀರ್‌ಸಕರ್ ಎಂಬ ಗೆರೆಗೆರೆಯ ಬಟ್ಟೆಯ ಹೆಸರು ಪಾರ್ಸಿಯ ಹಾಲು-ಸಕ್ಕರೆ. ಡಂಗರಿ ಎಂಬುದು ಒರಟು ಬಟ್ಟೆಗೆ ಹಿಂದಿಯಲ್ಲಿದ್ದ ಡುಂಗ್ರಿ. ಬಂಡಾನಾ ಎಂಬ ತಲೆವಸ್ತ್ರದ ಹೆಸರು ಗಂಟು ಕಟ್ಟಿ ಬಣ್ಣ ಹಾಕುವ ಬಾಂಧನಿಗೆ ನೆಂಟನಾದ ಮಾತು. ಮಾರವಾಡ, ಗುಜರಾತ್ ಕಡೆಯ ನಮ್ಮ ಸೊಸೆಯಂದಿರ ಪೆಟ್ಟಿಗೆಯಲ್ಲಿ ಬಾಂಧನಿ ಇದ್ದೇ ಇರುತ್ತದೆ. ಕ್ಯಾಲಿಕೋ ಎಂದರೆ ಕಲ್ಲಿಕೋಟೆಯಿಂದ ಹೋದ ಬಟ್ಟೆ. ಊರಿನ ಹೆಸರು ನಡೆಯುವುದಿಲ್ಲ ಎಂದೆವಲ್ಲ. ಊರು ಬಟ್ಟೆಯಾದರೆ ನಡೆಯುತ್ತದೆ. ಮದ್ರಾಸ್ ಎಂಬುದೂ ಒಂದು ಬಗೆಯ ಹತ್ತಿ ಬಟ್ಟೆಯ ಹೆಸರಾಗಿ ಪಟ್ಟಿಯಲ್ಲಿದೆ.

ಮರಕ್ಕೂ ನಮ್ಮ ಹೆಸರು

ಬಿ-ಎ-ಎನ್-ವೈ-ಎ-ಎನ್ ಎಂದರೆ ಆಲದ ಮರ ಎಂದು ಮಕ್ಕಳು ಬಲ್ಲರು. ಆ ಹೆಸರು ಮರದ್ದಲ್ಲ, ವ್ಯಾಪಾರಿಯದು. ಗುಜರಾತಿಯಲ್ಲಿ ವ್ಯಾಪಾರಿಯನ್ನು ವಾಣಿಯೋ ಎನ್ನುತ್ತಾರೆ, ಸಂಸ್ಕೃತದ ವಣಿಕ. ಹದಿನೇಳನೆಯ ಶತಮಾನದಲ್ಲಿ ಇರಾನಿನ ಬಂದರ್ ಅಬ್ಬಾಸ್ ರೇವಿನ ಬಳಿ ಒಂದು ದೊಡ್ಡ ಆಲದ ಮರವಿತ್ತು. ಅಲ್ಲಿ ನೆಲೆಸಿದ್ದ ಭಾರತದ ವ್ಯಾಪಾರಿಗಳು ಅದರ ನೆರಳಿನಲ್ಲಿ ಸೇರಿ, ಅಡಿಯಲ್ಲಿ ಪುಟ್ಟ ಗುಡಿಯನ್ನೂ ಕಟ್ಟಿಕೊಂಡಿದ್ದರು. ಯುರೋಪಿನವರು ಅದನ್ನು ಬನಿಯಾಗಳ ಮರ ಎಂದು ಕರೆದರು. ಕೊನೆಗೆ ಆ ಜಾತಿಯ ಮರಕ್ಕೆಲ್ಲ ಅದೇ ಹೆಸರಾಯಿತು. ಒಳಗೆ ತೊಡುವ ಬನಿಯನ್ ಕೂಡ ಅದೇ ಮಾತಿನದು.

ಹಲಗೆ ಅರ್ಥ ಕೇಳುವುದಿಲ್ಲ

ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಈ ಆಟದ ಅತಿ ದೊಡ್ಡ ಆಟಗಾರ. 2015ರಲ್ಲಿ ಅವರು ಫ್ರೆಂಚ್ ಭಾಷೆಯ ವಿಶ್ವ ಪಂದ್ಯವನ್ನು ಗೆದ್ದರು. ಅವರಿಗೆ ಫ್ರೆಂಚ್ ಮಾತನಾಡಲು ಬರುತ್ತಿರಲಿಲ್ಲ. ಒಂಬತ್ತು ವಾರ ಕೂತು ಫ್ರೆಂಚ್ ಪದಪಟ್ಟಿಯನ್ನು ಕಂಠಪಾಠ ಮಾಡಿದ್ದರು. 2024ರಲ್ಲಿ ಸ್ಪೇನಿನ ಗ್ರಾನಾಡಾದಲ್ಲಿ ಸ್ಪ್ಯಾನಿಷ್ ಭಾಷೆಯ ವಿಶ್ವ ಪಂದ್ಯವನ್ನೂ ಹಾಗೆಯೇ ಗೆದ್ದರು. ಅವರ ಸ್ಮರಣಶಕ್ತಿಗೆ ಯಾರೂ ತಲೆದೂಗಬೇಕು. ಗೆಲ್ಲುವುದಕ್ಕೆ ಅರ್ಥ ಬೇಕಿಲ್ಲ ಎಂಬುದೂ ಇದರಿಂದ ಸ್ಪಷ್ಟವಾಗುತ್ತದೆ.

ಪಂದ್ಯಕ್ಕೆ ಇದು ಸರಿ, ಮನೆಗೆ ಸಾಲದು. ಒಂದು ಉದಾಹರಣೆ ಕೊಡುತ್ತೇವೆ. ಜೈನ ಎಂಬ ಪದ ಹೆಸರಾದ್ದರಿಂದ ಹಲಗೆಯ ಮೇಲೆ ನಡೆಯುವುದಿಲ್ಲ. ಆದರೆ ಅಹಿಂಸಾ ನಡೆಯುತ್ತದೆ, ಕರ್ಮ ನಡೆಯುತ್ತದೆ. ಎ-ಎಚ್-ಐ-ಎಂ-ಎಸ್-ಎ ಗೂ ಕೆ-ಎ-ಆರ್-ಎಂ-ಎ ಗೂ ಸರಿಯಾಗಿ 11 ಅಂಕ. ಲಕ್ಷಕ್ಕೂ ಗೋದಾಮಿಗೂ ಅಷ್ಟೇ. ಹಲಗೆಯ ತಕ್ಕಡಿಯಲ್ಲಿ ಎಲ್ಲ ಒಂದೇ ತೂಕ.

ಇಂದಿನ ಇಂಗ್ಲಿಷ್ ಮಾತಿನಲ್ಲಿ ಕರ್ಮ ಎಂದರೆ ಅದೃಷ್ಟ, ಅಥವಾ ಮಾಡಿದ್ದಕ್ಕೆ ಸಿಕ್ಕ ಶಾಸ್ತಿ. ನಮ್ಮ ಪಾಠಶಾಲೆಯಲ್ಲಿ ಕಲಿಸುವ ಕರ್ಮ ಅದಲ್ಲ. ಅದು ರಾಗದ್ವೇಷಗಳಿಂದ ಆತ್ಮಕ್ಕೆ ಅಂಟುವ ಸೂಕ್ಷ್ಮ ಪುದ್ಗಲ, ತಪಸ್ಸಿನಿಂದ ನಿರ್ಜರೆಯಾಗುವಂಥದು. ಇಂಗ್ಲಿಷ್ ಅರ್ಥವನ್ನಷ್ಟೇ ಬಲ್ಲ ಮಗು ತನ್ನ ಮನೆಯ ಮಾತನ್ನು ಪರರಿಂದ ಸಾಲ ತಂದ ಹಾಗಾಗುತ್ತದೆ, ಅದೂ ತೂಕದಲ್ಲಿ ಮೋಸವಾಗಿ. ಪುರಿಯ ಜಗನ್ನಾಥನ ಹೆಸರು ಇಂಗ್ಲಿಷಿನಲ್ಲಿ ಎದುರಿಗೆ ಬಂದದ್ದನ್ನೆಲ್ಲ ಅರೆದು ಹೋಗುವ ದೈತ್ಯಶಕ್ತಿ ಎಂಬ ಅರ್ಥ ಪಡೆದಿರುವುದನ್ನು ನೋಡಿದರೆ, ಮಾತು ದೂರ ಹೋದಷ್ಟೂ ಹೇಗೆ ಸವೆಯುತ್ತದೆಂದು ತಿಳಿಯುತ್ತದೆ.

ಮನೆಯ ಆಟಕ್ಕೆ ನಾಲ್ಕು ನಿಯಮ

ಆದ್ದರಿಂದ ಮನೆಯಲ್ಲಿ ಆಡುವಾಗ ಈ ನಿಯಮಗಳನ್ನು ಸೇರಿಸಿಕೊಳ್ಳಲು ನಾವು ಸೂಚಿಸುತ್ತೇವೆ.

ಮೊದಲನೆಯದು, ಯಾವ ನಿಘಂಟನ್ನು ಒಪ್ಪುವುದೆಂದು ಆಟಕ್ಕೆ ಮುಂಚೆ ಗೊತ್ತುಮಾಡಿ. ವ್ಯವಹಾರದಂತೆ ಆಟದಲ್ಲೂ ಕರಾರು ಮೊದಲಾದರೆ ಜಗಳ ಕಡಿಮೆ.

ಎರಡನೆಯದು, ಪದ ಇಳಿಸಿದವನು ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿದರೆ ಐದು ಅಂಕ ಹೆಚ್ಚಿಗೆ. ಇಂಗ್ಲಿಷಿನಲ್ಲಿ ಹೇಳಿದರೆ ಈ ಅಂಕ ಇಲ್ಲ. ಕಂಠಪಾಠ ಮಾಡಿದವನಿಗೂ ಅರಿತವನಿಗೂ ಇರುವ ಭೇದ ಆಗ ಗೊತ್ತಾಗುತ್ತದೆ.

ಮೂರನೆಯದು, ಸೇರು, ಮಣ, ಆಣೆ, ಖಂಡಿ, ಶರಾಫ ಮುಂತಾದ ಅಂಗಡಿಯ ಮಾತು ಬಂದಾಗ ತೀರ್ಪು ತಾತನದು ಅಥವಾ ಅಜ್ಜಿಯದು. ಇಂಗ್ಲಿಷ್ ಅಕ್ಷರ ಬಾರದಿದ್ದರೂ ಅಡ್ಡಿಯಿಲ್ಲ. ಮೊಮ್ಮಗ ಎಸ್-ಇ-ಇ-ಆರ್ ಎಂದು ಓದಿದರೆ ಅಜ್ಜಿ ಪಾವು, ಅಚ್ಚೇರು, ಸೇರು, ಬಳ್ಳ ಎಂದು ಅಳತೆಯ ಸಾಲನ್ನೇ ಹೇಳಿಯಾರು. ಆಟದಿಂದ ದೂರ ಕೂರುತ್ತಿದ್ದವರು ಆಗ ನ್ಯಾಯಾಧೀಶರಾಗುತ್ತಾರೆ.

ನಾಲ್ಕನೆಯದು, ಹೀಗೆ ಬಂದ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದು ಕಡೆ ಇಂಗ್ಲಿಷ್ ಪದ, ಇನ್ನೊಂದು ಕಡೆ ಮನೆಯ ಮಾತು, ಜಮಾ-ಖರ್ಚಿನ ಹಾಗೆ.

ಇದು ಬರೀ ಕಾಲಕ್ಷೇಪದ ಸಲಹೆಯಲ್ಲ. ನಮ್ಮ ಎಷ್ಟೋ ಮನೆಗಳ ಮಕ್ಕಳು ಓದಿಗೆಂದು, ಕೆಲಸಕ್ಕೆಂದು ಬೆಂಗಳೂರು, ಹೈದರಾಬಾದು ಸೇರುತ್ತಿದ್ದಾರೆ. ಹಳೆಯ ಕಿರ್ದಿ, ಖಾತೆ ಪುಸ್ತಕಗಳು ಅಟ್ಟದ ಮೇಲೆ ಗಂಟಾಗಿ ಬಿದ್ದಿವೆ. ಅವುಗಳನ್ನು ಓದಬಲ್ಲವರು ಪ್ರತಿ ವರ್ಷ ಕಡಿಮೆಯಾಗುತ್ತಿದ್ದಾರೆ. ಅಂಗಡಿಯನ್ನು ಮಕ್ಕಳು ಮುಂದುವರಿಸಲಿ ಬಿಡಲಿ, ಅದು ಅವರ ಇಷ್ಟ. ಅಂಗಡಿಯ ಮಾತು ಮಾತ್ರ ಅವರ ಆಸ್ತಿ. ಅದನ್ನು ಎಣಿಸಿ ಕೈಗೆ ಕೊಡುವುದು ಹಿರಿಯರ ಕೆಲಸ. ಇಂಗ್ಲಿಷರು ನಮ್ಮ ಮಾತನ್ನು ಒಯ್ದು ನಿಘಂಟಿನಲ್ಲಿ ಜೋಪಾನ ಮಾಡಿಟ್ಟಿದ್ದಾರೆ. ಅದರ ಅರ್ಥ ಬಲ್ಲವರು ಮನೆಯಲ್ಲಿ ಇರುವಾಗಲೇ ಮಕ್ಕಳು ಕೇಳಿಟ್ಟುಕೊಳ್ಳಲಿ.